ಆನೆ ತಿಂದ ಅಂಕಪಟ್ಟಿ

‘ಕೆಲಸ ಸಿಗುವುದಿಲ್ಲ ಅನ್ನುವ ಭಯ ನನಗಿಲ್ಲ. ಒಳಗೆ ಕರೆದು, ಕೂರಿಸಿ, “ನಿಮ್ಮ ಬಗ್ಗೆ ಸ್ವಲ್ಪ ಹೇಳಿ” ಅಂದುಬಿಟ್ಟರೆ ಅನ್ನುವ ಭಯ. ನನ್ನ ಬಗ್ಗೆ ನನಗೆ ಗೊತ್ತಿರುವುದೆಲ್ಲ ಈ ಡೈರಿಯಲ್ಲೇ ಇದೆ. ಇದನ್ನೇ ಅವರ ಕೈಗೆ ಕೊಟ್ಟು ನಾನು ಹೊರಗೆ ಕಾಯುತ್ತ ಕೂರಬಹುದೆ?’

ಇಷ್ಟು ಬರೆದು, ಪೆನ್ನಿಗೆ ಕ್ಯಾಪು ಹಾಕಿ, ಬಿಂದುಶ್ರೀ ಸ್ನಾನಕ್ಕೆ ಹೋದಳು. ಪೆನ್ನು ಮುಚ್ಚಿದವಳು ಡೈರಿ ಮುಚ್ಚುವುದನ್ನು ಮರೆತಳು. ಅವಳ ಆ ದಿನದ ಪಾಡೆಲ್ಲ ಶುರುವಾದದ್ದು ಅಲ್ಲಿಂದ.

ಬಿಂದುಶ್ರೀಗೆ ಇಪ್ಪತ್ಮೂರು ವರ್ಷ. ಲೈಬ್ರರಿ ಸೈನ್ಸ್ ಓದಿ ಫಸ್ಟ್ ಕ್ಲಾಸಿನಲ್ಲಿ ಪಾಸಾಗಿದ್ದಳು. ಆ ವಿಷಯವನ್ನೇ ಯಾಕೆ ಆರಿಸಿಕೊಂಡೆ ಎಂದು ಯಾರಾದರೂ ಕೇಳಿದ್ದರೆ ಅವಳ ಬಳಿ ಒಳ್ಳೆಯ ಉತ್ತರವಿತ್ತು. ಗೋಡೆಯ ಮೇಲೆ ‘ಮಾತನಾಡಬಾರದು’ ಎಂದು ದಪ್ಪಕ್ಷರದಲ್ಲಿ ಬರೆದು, ಹಾಗೆ ಸುಮ್ಮನಿರುವುದಕ್ಕೆ ಸಂಬಳವನ್ನೂ ಕೊಡುವ ಜಾಗ ಲೋಕದಲ್ಲಿ ಅದೊಂದೇ. ಆದರೆ ಉತ್ತರ ಗಂಟಲವರೆಗೆ ಬಂದು, ಟಿಕೆಟ್ ಸಿಗದ ಪ್ರಯಾಣಿಕನಂತೆ ಅಲ್ಲೇ ಕೂತುಬಿಡುತ್ತಿತ್ತು. ಹಿಂದೊಮ್ಮೆ ಒಂದು ಆಫೀಸಿನ ಇಂಟರ್‌ವ್ಯೂನಲ್ಲಿ “ನಿಮ್ಮ ಹೆಸರೇನು” ಎಂದು ಕೇಳಿದಾಗ ಆಧಾರ್ ಕಾರ್ಡು ತೆಗೆದು ಮೇಜಿನ ಮೇಲೆ ಸರಿಸಿದ್ದಳು. ಇನ್ನೊಂದು ಕಡೆ ಪಾಪ ಅನ್ನಿಸಿ ನೀರು ಕೊಟ್ಟಿದ್ದರು. ಕುಡಿದು, ಲೋಟ ಇಟ್ಟು, ನಮಸ್ಕಾರ ಮಾಡಿ ಬಂದಿದ್ದಳು.

ಈಗ ತುಮಕೂರಿನ ಕುಣಿಗಲ್ ರಸ್ತೆಯ ಒಂದು ಪಿಯು ಕಾಲೇಜಿನಿಂದ ಕಾಗದ ಬಂದಿತ್ತು. ಗ್ರಂಥಾಲಯ ಸಹಾಯಕಿ, ಒಂದು ಹುದ್ದೆ. ಆ ದಿನವೇ ಹನ್ನೊಂದು ಗಂಟೆಗೆ ಸಂದರ್ಶನ. ಅಸಲು ಅಂಕಪಟ್ಟಿಗಳಿಲ್ಲದೆ ಬಂದವರನ್ನು ಪರಿಗಣಿಸಲಾಗುವುದಿಲ್ಲ ಎಂಬ ಸಾಲಿನ ಕೆಳಗೆ ಗೆರೆ ಬೇರೆ ಎಳೆದಿದ್ದರು. ಈ ಕೆಲಸವೂ ತಪ್ಪಿದರೆ ಇಡೀ ಜಿಲ್ಲೆಯಲ್ಲಿ ತನಗೆ ಸುಮ್ಮನಿರಲು ಇನ್ನೊಂದು ಕುರ್ಚಿ ಸಿಗುವುದಿಲ್ಲವೆಂದು ಅವಳಿಗೆ ಖಾತ್ರಿಯಾಗಿತ್ತು.

ಅಪ್ಪ ಅಮ್ಮ ಗೃಹಪ್ರವೇಶವೊಂದಕ್ಕೆ ಕುಣಿಗಲ್‌ಗೆ ಹೋಗಿದ್ದರು. ಗುಬ್ಬಿಯ ಮನೆಯಲ್ಲಿ ಉಳಿದಿದ್ದವರು ಅಜ್ಜಿ ಪುಟ್ಟತಾಯಮ್ಮ ಮಾತ್ರ. ಅಜ್ಜಿ ನಾಲ್ಕನೇ ಕ್ಲಾಸಿನವರೆಗೆ ಓದಿದ್ದವರು. ಒಂದೊಂದೇ ಅಕ್ಷರವನ್ನು ಅವರೆಕಾಯಿ ಸುಲಿದಂತೆ ಸುಲಿದು ಓದುತ್ತಿದ್ದರು. ಫ್ಯಾನಿನ ಗಾಳಿಗೆ ಪಟಪಟ ಅನ್ನುತ್ತಿದ್ದ ಡೈರಿಯನ್ನು ಮುಚ್ಚಲು ಬಂದವರ ಕಣ್ಣಿಗೆ ಬಿದ್ದದ್ದು ಒಂದೇ ಪದ. ಅದೂ ಎರಡು ಸಲ. ಭಯ.

ಅಜ್ಜಿ ನೇರ ಹಿತ್ತಿಲಿಗೆ ಹೋಗಿ ಕಾಂಪೌಂಡಿನಾಚೆಯ ನಿಂಗಮ್ಮನನ್ನು ಕರೆದರು. ಆ ಬೀದಿಯಲ್ಲಿ ಯಾವುದೇ ಮನೆಯ ಹಾಲು ಒಡೆದರೂ ನಿಂಗಮ್ಮನ ಅಭಿಪ್ರಾಯವಿಲ್ಲದೆ ಚೆಲ್ಲುವಂತಿರಲಿಲ್ಲ.

“ನಿಂಗೀ, ನಮ್ ಬಿಂದು ಭಯ ಭಯ ಅಂತ ಪುಸ್ತಕ್‌ದಲ್ಲಿ ಬರ್ಕೊಂಡವ್ಳೆ ಕಣೇ. ಏನ್ ಕಂಡು ಹೆದರ್ಕೊಂಡ್ಳೋ ಏನೋ.”

“ಅದ್ಕೇ ಮಾತೇ ಆಡಲ್ಲ ನೋಡಕ್ಕ. ನಾನ್ ಯಾವತ್ತೋ ಹೇಳ್ದೆ. ಆನೆ ಹೊಟ್ಟೆ ಕೆಳ್ಗೆ ದಾಟಿಸ್ಬೇಕು, ಮೂರು ಸಲ. ನನ್ ಮಗ ಅಂಜನ್‌ಕುಮಾರ್‌ನ ಕೂಸಾಗಿದ್ದಾಗ ದಾಟಿಸಿದ್ದೆ. ಈಗ ನೋಡು, ಮೂರು ಸಲ ಎಲೆಕ್ಷನ್‌ಗೆ ನಿಂತವ್ನೆ.”

“ಮೂರು ಸಲನೂ ಸೋತ್ನಲ್ಲೇ.”

“ಸೋಲಕ್ಕೂ ಧೈರ್ಯ ಬೇಕಕ್ಕ.”

ಅಜ್ಜಿ ಆ ಮಾತನ್ನು ಒಪ್ಪಿದರು. ಆನೆಯೂ ದೂರವಿರಲಿಲ್ಲ. ಅಮೃತೂರು ಕಡೆಯ ಒಂದು ಮಠದ ಆನೆ ಗಿರಿಜೆ ಹಿಂದಿನ ದಿನದ ಉತ್ಸವಕ್ಕೆಂದು ಗುಬ್ಬಿಗೆ ಬಂದಿದ್ದು, ಊರಿಗೆ ವಾಪಸು ಹೊರಡುವ ಮೊದಲು ಬೀದಿ ಬೀದಿ ಸುತ್ತುತ್ತಿತ್ತು. ಅದರ ಕೊರಳ ಗಂಟೆ ಆಗಲೇ ಮೂಲೆಯ ಹಿಟ್ಟಿನ ಗಿರಣಿಯ ಹತ್ತಿರ ಕೇಳುತ್ತಿತ್ತು.

ಬಿಂದುಶ್ರೀ ಸ್ನಾನ ಮುಗಿಸಿ, ಇಸ್ತ್ರಿ ಮಾಡಿದ ಚೂಡಿದಾರ ಹಾಕಿಕೊಂಡು ಬರುವಷ್ಟರಲ್ಲಿ ಅವಳ ರಟ್ಟಿನ ಫೈಲು ದೇವರ ಮುಂದಿತ್ತು. ಅದಕ್ಕೆ ನಾಲ್ಕು ಮೂಲೆಯಲ್ಲೂ ಕುಂಕುಮ. ಒಳಗೆ, ಅಂಕಪಟ್ಟಿಗಳ ನಡುವೆ, ಅಜ್ಜಿ ಎರಡು ಏಲಕ್ಕಿ ಬಾಳೆಹಣ್ಣು ಮತ್ತು ಒಂದಚ್ಚು ಬೆಲ್ಲ ಸೇರಿಸಿದ್ದರು.

“ಇದೇನಜ್ಜಿ” ಎಂದು ಅವಳು ಕಣ್ಣಲ್ಲೇ ಕೇಳಿದಳು. ಆ ಮನೆಯಲ್ಲಿ ಅವಳ ಕಣ್ಣನ್ನು ಓದುವುದು ಡೈರಿ ಓದುವುದಕ್ಕಿಂತ ಸುಲಭವಿತ್ತು.

“ಪ್ರಸಾದ ಕಣವ್ವ. ಬಸ್ಸಲ್ಲಿ ತಿನ್ನು. ಬಾ ಇಲ್ಲಿ, ಒಂದೈದ್ ನಿಮ್ಸ ಕೆಲ್ಸ ಅದೆ.”

ಐದು ನಿಮಿಷದ ಕೆಲಸ ಬಾಗಿಲಲ್ಲೇ ನಿಂತಿತ್ತು. ಬೂದಿ ಬಣ್ಣದ್ದು, ಒಂಬತ್ತಡಿ ಎತ್ತರ, ಹಣೆಯ ಮೇಲೆ ವಿಭೂತಿಯ ಮೂರು ಪಟ್ಟೆ.

ಇಡೀ ಬೀದಿ ಅದರ ಸುತ್ತ ಸೇರಿತ್ತು. ಗಿರಿಜೆ ಅವರ ಪಾಲಿಗೆ ಡಾಕ್ಟರು, ಪುರೋಹಿತರು, ಆರ್‌ಟಿಓ ಎಲ್ಲವೂ ಆಗಿದ್ದಳು. ಒಬ್ಬರು ಹೊಸ ಸ್ಕೂಟರ್ ತಂದು ಸೊಂಡಿಲಿಂದ ಮುಟ್ಟಿಸಿದರು. ಇನ್ನೊಬ್ಬರು ಮಂಡಿನೋವಿಗೆಂದು ಬಿಸಿ ಲದ್ದಿಯ ಮೇಲೆ ಬರಿಗಾಲಲ್ಲಿ ನಿಂತು ಕಣ್ಣು ಮುಚ್ಚಿದ್ದರು. ಮೂವರು ಉಂಗುರಕ್ಕೆ ಬಾಲದ ಕೂದಲು ಬೇಕೆಂದು ಮಾವುತ ಕಾಳಯ್ಯನ ಬೆನ್ನು ಬಿದ್ದಿದ್ದರು.

“ಎಲ್ರೂ ಒಂದೊಂದ್ ಕಿತ್ಕೊಂಡ್ರೆ ಅವ್ಳ್ ಬಾಲ್ದಲ್ಲಿ ಏನುಳೀತದೆ ಸಾಮಿ” ಎಂದ ಕಾಳಯ್ಯ. “ಅವ್ಳಿಗೂ ನೊಣ ಓಡಿಸ್ಬೇಕಲ್ವಾ.”

ಅಜ್ಜಿ ಮೊಮ್ಮಗಳನ್ನು ಮುಂದೆ ತಳ್ಳಿದರು. ಕಾಳಯ್ಯ ಬಿಂದುಶ್ರೀಯನ್ನು ತಲೆಯಿಂದ ಕಾಲಿನವರೆಗೆ ನೋಡಿದ.

“ಮಗು ಎಲ್ಲಿ?”

“ಇದೇ ಮಗು.”

“ಇಷ್ಟ್ ದೊಡ್ಡೋರ್ನ ನಾನ್ ಯಾವತ್ತೂ ದಾಟಿಸಿಲ್ಲ ಕಣಮ್ಮ. ಎತ್ಕೊಳೋ ಕೂಸಾದ್ರೆ ಸರಿ.”

“ಭಯ ಇನ್ನೂ ಕೂಸಿಂದೇ ಕಣಪ್ಪ. ಮೈ ಒಂದೇ ಬೆಳ್ದಿರೋದು” ಎಂದರು ಅಜ್ಜಿ.

ಬಿಂದುಶ್ರೀ ‘ಬೇಡ’ ಅನ್ನಬೇಕಾದ ಸಮಯ ಇದೇ ಆಗಿತ್ತು. ಎರಡಕ್ಷರದ ಮಾತು. ಅವಳು ಅದನ್ನು ಹೇಳಲೆಂದು ಉಸಿರು ಎಳೆದುಕೊಂಡಳು. ಅಷ್ಟರಲ್ಲಿ ನಿಂಗಮ್ಮ ಹಿಂದಿನಿಂದ ಅವಳ ತಲೆ ಬಗ್ಗಿಸಿ, ಸಂದೂಕ ಮಂಚದಡಿ ದೂಡುವ ಹಾಗೆ ದೂಡಿಬಿಟ್ಟಳು.

ಮೊದಲ ಸುತ್ತು ಸಲೀಸಾಗಿ ಮುಗಿಯಿತು. ಎರಡನೆಯ ಸುತ್ತಿಗೆ ಅವಳು ನಡುವೆ ಬರುವ ಹೊತ್ತಿಗೆ ಎದುರು ಮನೆಯವರು ಗಿರಿಜೆಯ ಮುಂದೆ ಒಂದು ಮೊರ ಅಕ್ಕಿ ಬೆಲ್ಲ ತಂದಿಟ್ಟರು. ಗಿರಿಜೆ ನಾಲ್ಕೂ ಕಾಲು ಹತ್ತಿರ ತಂದು ಊಟಕ್ಕೆ ನಿಂತಳು.

“ಅಲ್ಲಾಡ್ಬೇಡಿ ತಾಯಿ” ಎಂದು ಕಾಳಯ್ಯ ಬಗ್ಗಿ ಹೇಳಿದ. “ಅವ್ಳ್ ಉಣ್ಣೋ ಗಂಟ ಅಲ್ಲೇ ಕುಂತ್ಕೊಳಿ.”

ಬಿಂದುಶ್ರೀ ಕುಕ್ಕರಗಾಲಿನಲ್ಲಿ ಕೂತಳು. ನಾಲ್ಕು ಕಡೆ ನಾಲ್ಕು ಕಂಬ, ಮೇಲೆ ಬೆಚ್ಚಗಿನ ಚಾವಣಿ. ಚಾವಣಿಯೊಳಗೆ ಎಲ್ಲೋ ದೂರದ ಮಿಲ್ಲು ಓಡುವಂತೆ ಒಂದು ಗುಡುಗುಡು. ಹೊರಗೆ ಎಲ್ಲರೂ ಅವಳ ಬಗ್ಗೆಯೇ ಮಾತಾಡುತ್ತಿದ್ದರು. ಎಷ್ಟು ಓದಿದಾಳೆ, ಯಾಕಿನ್ನೂ ಮದುವೆಯಿಲ್ಲ, ಚೂಡಿದಾರ ಕೊಳೆಯಾಯಿತಲ್ಲ. ಆದರೆ ಅಲ್ಲಿ ಕೂತವಳನ್ನು ಬಗ್ಗಿ ಏನಾದರೂ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಇಂಥ ಜಾಗ ಇಷ್ಟು ದಿನ ತನಗೆ ಗೊತ್ತೇ ಇರಲಿಲ್ಲವಲ್ಲ ಎಂದು ಬಿಂದುಶ್ರೀಗೆ ಅನ್ನಿಸಿತು. ಆಫೀಸುಗಳಲ್ಲಿ ಮೇಜಿನ ಬದಲು ಆನೆ ಇಟ್ಟಿದ್ದರೆ ತಾನು ಯಾವತ್ತೋ ಮ್ಯಾನೇಜರ್ ಆಗಿರುತ್ತಿದ್ದೆ. ಅವಳು ಮೆಲ್ಲಗೆ ಕೈಯೆತ್ತಿ ಆ ಒರಟು ಹೊಟ್ಟೆಯನ್ನು ಮುಟ್ಟಿದಳು. ಗುಡುಗುಡು ಒಂದು ಗಳಿಗೆ ನಿಂತು, ಮತ್ತೆ ಶುರುವಾಯಿತು. ಉತ್ತರ ಕೊಟ್ಟಂತಿತ್ತು, ಮರುಪ್ರಶ್ನೆ ಇರಲಿಲ್ಲ.

ಮೂರನೆಯ ಸುತ್ತಿನಿಂದ ಈಚೆ ಬಂದಾಗ ಹೊರಗೆ ಎಲ್ಲರೂ ಸುಮ್ಮನಾಗಿದ್ದರು. ಆ ಬೀದಿಯಲ್ಲಿ ಎಲ್ಲರೂ ಸುಮ್ಮನಾಗುವುದು ಯಾರಾದರೂ ಸತ್ತರೆ ಅಥವಾ ಧಾರಾವಾಹಿಯ ಹೊತ್ತಿಗೆ ಕರೆಂಟು ಬಂದರೆ ಮಾತ್ರ.

ಗಿರಿಜೆಯ ಸೊಂಡಿಲಿನಲ್ಲಿ ಅವಳ ಫೈಲಿತ್ತು.

ಅಜ್ಜಿ ಅದನ್ನು ಕಂಕುಳಲ್ಲಿ ಇಟ್ಟುಕೊಂಡಿದ್ದರು. ಬಾಳೆಹಣ್ಣಿನ ವಾಸನೆ ಸೊಂಡಿಲಿಗೆ ದಾರಿ ತೋರಿಸಿತ್ತು. ಕಾಳಯ್ಯ “ಬಿಡು ಗಿರಿಜಾ, ಬಿಡು” ಎಂದು ಗುಡುಗುವಷ್ಟರಲ್ಲಿ ಬಾಳೆಹಣ್ಣು, ಬೆಲ್ಲ, ಬೆಲ್ಲಕ್ಕೆ ಅಂಟಿಕೊಂಡಿದ್ದ ಎಸ್ಸೆಸ್ಸೆಲ್ಸಿ, ಪಿಯುಸಿ, ಡಿಗ್ರಿಯ ಆರೂ ಸೆಮಿಸ್ಟರು ಸರದಿಯ ಪ್ರಕಾರ ಒಳಗೆ ಹೋದವು. ಖಾಲಿ ರಟ್ಟನ್ನು ಗಿರಿಜೆ ಅತ್ತಿತ್ತ ಆಡಿಸಿ, ರುಚಿಯಿಲ್ಲವೆಂದು ಕಂಡು, ನಿಂಗಮ್ಮನ ತಲೆಯ ಮೇಲಿಟ್ಟಳು. ಉಳಿದದ್ದು ಒಂದು ಪಾಸ್‌ಪೋರ್ಟ್ ಅಳತೆಯ ಫೋಟೋ. ಅದರಲ್ಲೂ ಬಿಂದುಶ್ರೀ ಬಾಯಿ ಮುಚ್ಚಿಕೊಂಡೇ ಇದ್ದಳು.

“ಗಣಪ್ಪನೇ ತಿಂದವ್ನೆ, ಇನ್ ಕೆಲ್ಸ ಗ್ಯಾರಂಟಿ” ಎಂದು ಯಾರೋ ಕೈಮುಗಿದರು.

“ಅದು ಹೆಣ್ಣಾನೆ ಕಣಪ್ಪ.”

“ಗಣಪ್ಪನ್ ತಾಯಿ ಅಂತಿಟ್ಕೊ. ಹೆಸ್ರೂ ಗಿರಿಜೆ.”

“ನಾಳೆ ಬೆಳಿಗ್ಗೆ ಗಂಟ ಕಾದ್ರೆ ಬರ್ತದೆ” ಎಂದರು ಲದ್ದಿಯ ಮೇಲೆ ನಿಂತಿದ್ದವರು, ಕಣ್ಣು ತೆರೆಯದೆ.

ಗಂಟೆ ಹತ್ತಾಗಿತ್ತು. ತುಮಕೂರಿನ ಬಸ್ಸು ಆನೆಯ ಗಲಾಟೆಯಲ್ಲಿ ಎಂದೋ ಹೋಗಿತ್ತು. ಬಿಂದುಶ್ರೀಯ ಕಣ್ಣಲ್ಲಿ ನೀರು ತುಂಬಿದ್ದನ್ನು ಮೊದಲು ನೋಡಿದವನು ಕಾಳಯ್ಯ. ಅಜ್ಜಿಯಿಂದ ಕಾಲೇಜಿನ ಸಂಗತಿ ಕೇಳಿಕೊಂಡು, ಅವನು ತಲೆಯ ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡ.

“ಅಳ್ಬೇಡಿ ತಾಯಿ. ನಮ್ ಲಾರಿ ತುಮಕೂರ್ ಮ್ಯಾಲೇ ಹೋಗದು, ಆ ಕಾಲೇಜ್ ಮುಂದ್ಲ ರೋಡೇ. ನಾನೇ ಬಂದು ಹೇಳ್ತೀನಿ, ಸಾಮಿ ನಮ್ಮುಡ್ಗಿ ತಿಂದದ್ದು ನಿಜ ಅಂತ. ತಿಂದೋಳೂ ಜೊತೇಲೇ ಇರ್ತಾಳೆ.”

ಹಾಗೆ ಬಿಂದುಶ್ರೀ ತನ್ನ ಬದುಕಿನ ಮೂರನೆಯ ಇಂಟರ್‌ವ್ಯೂಗೆ ಆನೆಯ ಲಾರಿಯಲ್ಲಿ ಹೊರಟಳು. ಹಿಂದೆ ಗಿರಿಜೆ ಮತ್ತು ಕಾಳಯ್ಯ. ಮುಂದೆ ಡ್ರೈವರ್ ರಾಮಾಂಜಿನಯ್ಯ, ಅವನ ಪಕ್ಕ ಅಜ್ಜಿ, ಬಾಗಿಲ ಪಕ್ಕ ನಿಂಗಮ್ಮ, ಇಬ್ಬರ ನಡುವೆ ಇಸ್ತ್ರಿ ಹೋದ ಬಿಂದುಶ್ರೀ. ನಿಂಗಮ್ಮನನ್ನು ಯಾರೂ ಕರೆದಿರಲಿಲ್ಲ. ಕರೆಯುವವರೆಗೆ ಕಾಯುವ ಅಭ್ಯಾಸ ಅವಳಿಗೂ ಇರಲಿಲ್ಲ.

ಹೆದ್ದಾರಿ ಸೇರುತ್ತಿದ್ದ ಹಾಗೆ ನಿಂಗಮ್ಮ ವಿಷಯಕ್ಕೆ ಬಂದಳು.

“ಆನೆ ತಿಂತು ಅಂದ್ರೆ ಯಾರ್ ನಂಬ್ತಾರಕ್ಕ. ಬಸ್ಸಲ್ಲಿ ಕಳ್ಳ ಹೊಡ್ಕೊಂಡೋದ ಅನ್ನಾಣ.”

“ಕಳ್ಳ ಅಂಕಪಟ್ಟಿ ಯಾಕ್ಲೇ ಹೊಡೀತಾನೆ? ಮನೇಲಿ ದೀಪ ಬಿದ್ದು ಸುಟ್ಟೋಯ್ತು ಅನ್ನಾಣ. ದೇವ್ರ ಮುಂದೆ ಇಟ್ಟಿದ್ದು ನಿಜ ತಾನೆ.”

“ನಂದೊಂದ್ ಮಾತು” ಎಂದ ರಾಮಾಂಜಿನಯ್ಯ, ಗೇರು ಬದಲಿಸುತ್ತ. “ಹೇಮಾವತಿ ನಾಲೆಗೆ ಬಿತ್ತು ಅನ್ನಿ. ನೀರಿಗ್ ಬಿದ್ದುದ್ದ ಯಾರೂ ತೋರ್ಸು ಅನ್ನಲ್ಲ.”

ಹಿಂದಿನ ಕಿಟಕಿಯಿಂದ ಸೊಂಡಿಲು ಒಳಗೆ ಬಂದು ನಿಂಗಮ್ಮನ ಮುಡಿಯ ಕನಕಾಂಬರವನ್ನು ಎತ್ತಿಕೊಂಡು ಹೋಯಿತು. “ಬಿಡು ಗಿರಿಜಾ, ಬಿಡು” ಎಂದು ಹಿಂದಿನಿಂದ ಕಾಳಯ್ಯನ ಗುಡುಗು ಕೇಳಿತು. ಈ ಸಲವೂ ತಡವಾಗಿತ್ತು. ನಿಂಗಮ್ಮ ಖಾಲಿ ಜಡೆ ಮುಟ್ಟಿ ನೋಡಿಕೊಂಡು, ಕಳ್ಳನ ಕತೆಯನ್ನು ಬಿಟ್ಟಲ್ಲಿಂದ ಮುಂದುವರಿಸಿದಳು. ಸೊಂಡಿಲು ಮತ್ತೆ ಬಂತು. ಈ ಸಲ ಬಿಂದುಶ್ರೀಯ ಅಂಗೈಯನ್ನು ಮೂಸಿ, ಅಲ್ಲೇ ವಿಶ್ರಾಂತಿಗೆಂಬಂತೆ ಉಳಿಯಿತು. ತುದಿ ಒದ್ದೆಯಾಗಿ, ಬೆಲ್ಲದ ವಾಸನೆ ಹೊಡೆಯುತ್ತಿತ್ತು. ತನ್ನ ಆರು ಸೆಮಿಸ್ಟರುಗಳ ವಾಸನೆಯೂ ಇದರಲ್ಲಿರಬೇಕು ಎಂದುಕೊಂಡಳು. ಆದರೂ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ತುಮಕೂರಿನ ತನಕ ಮೂವರೂ ಅವಳ ಪರವಾಗಿ ಮೂರು ಸುಳ್ಳುಗಳನ್ನು ಗಟ್ಟಿ ಮಾಡುತ್ತಿದ್ದರು. ಬಿಂದುಶ್ರೀ ಮಾತ್ರ ಸೊಂಡಿಲು ಹಿಡಿದುಕೊಂಡು, ಲೈಬ್ರರಿಯ ಕಿಟಕಿ ಯಾವ ದಿಕ್ಕಿಗಿರಬಹುದು ಎಂದು ಯೋಚಿಸುತ್ತಿದ್ದಳು.

ಕಾಲೇಜು ತಲುಪಿದಾಗ ಹನ್ನೊಂದೂಕಾಲು. ಅಂದು ಹೊಸ ಹುಡುಗರಿಗೆ ಸ್ವಾಗತ ಸಮಾರಂಭವಂತೆ. ಗೇಟಿನ ಎರಡೂ ಕಡೆ ಗೊನೆಯ ಸಮೇತ ಬಾಳೆಕಂದು ಕಟ್ಟಿದ್ದರು. ಎರಡು ಕಂದುಗಳ ನಡುವೆ ಒಂದು ದೊಡ್ಡ ಫ್ಲೆಕ್ಸು. ಫ್ಲೆಕ್ಸಿನ ಮುಕ್ಕಾಲು ಭಾಗ ಕಾಲೇಜಿನ ಅಧ್ಯಕ್ಷ ವೀರಭದ್ರಯ್ಯನವರ ಮುಖ, ಉಳಿದ ಜಾಗದಲ್ಲಿ ವಿದ್ಯೆ.

ಗೇಟಿನ ಬಳಿ ಇನ್ನೊಬ್ಬ ಅಭ್ಯರ್ಥಿ ನಿಂತಿದ್ದ. ತನ್ನ ಹೆಸರು ಸಿದ್ದಾರ್ಥ ಎಂದೂ, ತಾನೂ ಲೈಬ್ರರಿ ಪೋಸ್ಟಿಗೇ ಬಂದವನೆಂದೂ, ತನಗೆ ಪುಸ್ತಕ ಕಂಡರೆ ನಿದ್ದೆ ಬರುತ್ತದೆಂದೂ, ಆದರೆ ಮಾವ ಒತ್ತಾಯ ಮಾಡಿದರೆಂದೂ, ಮಾವನಿಗೆ ಶುಗರ್ ಇದೆಯೆಂದೂ ಲಾರಿ ಪೂರ್ತಿ ನಿಲ್ಲುವ ಮೊದಲೇ ಹೇಳಿ ಮುಗಿಸಿದ. ಮಾತಿಗೆ ಮಾತು ಬಾರದ್ದನ್ನು ಕಂಡು, “ನೀವು ತುಂಬಾ ಒಳ್ಳೇ ಕೇಳುಗರು ಮೇಡಂ” ಎಂದು ಹೊಗಳಿ, ಫೋನು ತೆಗೆದು ಆನೆಯ ವಿಡಿಯೋ ಮಾಡತೊಡಗಿದ.

ವಾಚ್‌ಮನ್ ಬಂದ. “ಏನ್ ವಿಷ್ಯ?”

“ಅಂಕಪಟ್ಟಿ ಕಳ್ಳ ಹೊಡ್ದ” ಎಂದಳು ನಿಂಗಮ್ಮ.

“ಸುಟ್ಟೋಯ್ತು” ಎಂದರು ಅಜ್ಜಿ.

“ನಾಲೆಗ್ ಬಿತ್ತು” ಎಂದ ರಾಮಾಂಜಿನಯ್ಯ, ಸೀಟಿನಿಂದಲೇ.

“ಆನೆ ತಿಂತು ಸಾಮಿ” ಎಂದ ಕಾಳಯ್ಯ, ಮೇಲಿನಿಂದ.

ವಾಚ್‌ಮನ್ ನಾಲ್ವರನ್ನೂ ನೋಡಿ, ಇದು ತನ್ನ ಸಂಬಳಕ್ಕೆ ಮೀರಿದ್ದೆಂದು ತೀರ್ಮಾನಿಸಿ, ಒಳಗೆ ಫೋನು ಮಾಡಿದ. ಆನೆ ತಿಂದಿದೆ ಅನ್ನುವವರನ್ನು ಮೊದಲು ಕಳಿಸು ಎಂದು ಅಪ್ಪಣೆಯಾಯಿತು. ಕಾಳಯ್ಯ ಗಿರಿಜೆಯ ಕಾಲಿನ ಸರಪಳಿ ಭದ್ರ ಮಾಡಿ ಕೆಳಗಿಳಿದ. ಅವನೊಬ್ಬನೇ ಹೋದರೆ ಕೆಲಸ ಕೆಡುತ್ತದೆಂದು ನಿಂಗಮ್ಮನೂ, ನಿಂಗಮ್ಮ ಹೋದರೆ ಪೂರ್ತಿ ಕೆಡುತ್ತದೆಂದು ಅಜ್ಜಿಯೂ ಹಿಂದೆ ಹೊರಟರು.

ಬಿಂದುಶ್ರೀಯೂ ಹೆಜ್ಜೆಯಿಟ್ಟಳು.

“ನೀನ್ ಇಲ್ಲೇ ಇರವ್ವ” ಎಂದರು ಅಜ್ಜಿ. “ನಿಂಗ್ ಮಾತಾಡಕ್ ಬರಲ್ಲ. ನಾವ್ ಹೇಳ್ ಬತ್ತೀವಿ. ಆನೆ ನೋಡ್ಕೊ.”

ಹೀಗೆ ಕೆಲಸ ಬೇಕಾದವಳೊಬ್ಬಳನ್ನು ಹೊರಗೆ ಬಿಟ್ಟು, ಉಳಿದವರೆಲ್ಲ ಇಂಟರ್‌ವ್ಯೂಗೆ ಹೋದರು. ರಾಮಾಂಜಿನಯ್ಯ ರಸ್ತೆಯಾಚೆ ಟೀ ಕುಡಿಯಲು ಹೋದ. ಸಿದ್ದಾರ್ಥನ ಹೆಸರು ಕೂಗಿದರು, ಅವನು ಫೋನಿಗೆ ಮಾತು ಹೇಳುತ್ತಲೇ ಒಳಗೆ ನಡೆದ.

ಹತ್ತು ನಿಮಿಷ ಬಿಂದುಶ್ರೀ ಲಾರಿಯ ಪಕ್ಕ ನಿಂತಿದ್ದಳು. ಮೇಲಿನ ಮಹಡಿಗಳ ಕಾರಿಡಾರಿನಲ್ಲಿ ಒಬ್ಬೊಬ್ಬರಾಗಿ ಹುಡುಗರು ಬಂದು ಕಂಬಿಗೆ ಒರಗಿದರು. ಆನೆ, ಆನೆ ಎಂಬ ಪಿಸುಮಾತು ಶಿಳ್ಳೆಯಾಯಿತು, ಶಿಳ್ಳೆ ಕೂಗಾಯಿತು. ಮೂರೂ ಮಹಡಿ ತುಂಬಿ ಹೋಯಿತು. ನಾನೂರು ಮುಖ. ಬಿಂದುಶ್ರೀ ತಲೆ ತಗ್ಗಿಸಿ ಚಪ್ಪಲಿಯ ತುದಿ ನೋಡುತ್ತ ನಿಂತಳು. ಸಾಧ್ಯವಿದ್ದಿದ್ದರೆ ಮತ್ತೆ ಗಿರಿಜೆಯ ಹೊಟ್ಟೆಯಡಿ ಹೋಗಿ ಕೂರುತ್ತಿದ್ದಳು.

ತಲೆಯ ಮೇಲೆ ಏನೋ ಪರ್ ಅಂದಿತು.

ಗಿರಿಜೆ ಲಾರಿಯಿಂದಲೇ ಸೊಂಡಿಲು ಚಾಚಿ ಬಾಳೆಕಂದನ್ನು ಹಿಡಿದಿದ್ದಳು. ಎಳೆದಳು. ಕಂದು ಬಂತು. ಕಂದಿಗೆ ಕಟ್ಟಿದ್ದ ಫ್ಲೆಕ್ಸೂ ಬಂತು. ಅಧ್ಯಕ್ಷರ ಎಡಕೆನ್ನೆ ಮಡಿಚಿಕೊಂಡಿತು, ಆಮೇಲೆ ಮೀಸೆ. ಗೊನೆಯನ್ನೂ ಅಧ್ಯಕ್ಷರನ್ನೂ ಸೇರಿಸಿ ಒಂದೇ ತುತ್ತು ಮಾಡುವ ಲೆಕ್ಕದಲ್ಲಿ ಸೊಂಡಿಲು ಸುರುಳಿ ಸುತ್ತಿತು. ನಾನೂರು ಗಂಟಲುಗಳು ಒಟ್ಟಿಗೆ ಹುರಿದುಂಬಿಸಿದವು. ಮೊದಲ ಮಹಡಿಯ ಬಾಲ್ಕನಿಗೆ ಅಸಲು ವೀರಭದ್ರಯ್ಯನವರೇ ಓಡಿ ಬಂದರು. ಅವರ ಹಿಂದೆ ಅಜ್ಜಿ, ನಿಂಗಮ್ಮ, ಕಾಳಯ್ಯ, ಎಲ್ಲರ ಹಿಂದೆ ಇನ್ನೂ ಮಾತಾಡುತ್ತಿದ್ದ ಸಿದ್ದಾರ್ಥ.

ಬಿಂದುಶ್ರೀಗೆ ಅಧ್ಯಕ್ಷರ ಮುಖ ಕಾಣಿಸಲಿಲ್ಲ. ಅವಳಿಗೆ ಕಂಡದ್ದು ಫ್ಲೆಕ್ಸು. ಕಾಗದವಾದರೆ ಹೇಗೋ ಅರಗೀತು. ಈ ಪ್ಲಾಸ್ಟಿಕ್ಕು ಹೊಟ್ಟೆಗೆ ಹೋದರೆ, ಬೆಳಿಗ್ಗೆ ತನ್ನ ತಲೆಯ ಮೇಲೆ ಗುಡುಗುಡು ಅಂದ ಆ ಬೆಚ್ಚಗಿನ ಹೊಟ್ಟೆಗೆ ಹೋದರೆ, ಏನು ಗತಿ? ಅವಳು ಯೋಚಿಸಲಿಲ್ಲ. ಉಸಿರು ಎಳೆದುಕೊಳ್ಳಲೂ ಇಲ್ಲ. ಇಪ್ಪತ್ಮೂರು ವರ್ಷದಿಂದ ಗಂಟಲಲ್ಲಿ ಕೂತಿದ್ದ ಪ್ರಯಾಣಿಕರೆಲ್ಲ ಒಂದೇ ಸಲ ಬಾಗಿಲು ಒದ್ದುಕೊಂಡು ಹೊರಬಂದ ಹಾಗೆ, ಹೊಟ್ಟೆಯ ಆಳದಿಂದ ಕೂಗು ಬಂತು.

“ಬಿಡು ಗಿರಿಜಾ, ಬಿಡು.”

ಟೀ ಅಂಗಡಿಯಲ್ಲಿ ರಾಮಾಂಜಿನಯ್ಯನ ಲೋಟ ತುಳುಕಿತು. ಹುಡುಗರ ಶಿಳ್ಳೆ ಅರ್ಧಕ್ಕೆ ನಿಂತಿತು. ಸಿದ್ದಾರ್ಥ ಕೂಡ ಬಾಯಿ ಮುಚ್ಚಿದ. ಗಿರಿಜೆ ಒಂದು ಕ್ಷಣ ಕಿವಿ ಬೀಸುವುದನ್ನು ನಿಲ್ಲಿಸಿ, ಕೆಳಗೆ ನಿಂತ ಪುಟ್ಟ ಜೀವವನ್ನು ನೋಡಿ, ಸೊಂಡಿಲು ಸಡಿಲಿಸಿದಳು. ಅಧ್ಯಕ್ಷರು ಮೆಲ್ಲಗೆ ಬಿಚ್ಚಿಕೊಂಡು, ಮೀಸೆಯ ಸಮೇತ, ನೆಲಕ್ಕೆ ಇಳಿದರು. ಬಾಳೆಗೊನೆ ಮಾತ್ರ ಎಲ್ಲಿ ಹೋಗಬೇಕೋ ಅಲ್ಲಿಗೆ ಹೋಯಿತು.

ಐದೇ ನಿಮಿಷದಲ್ಲಿ ವೀರಭದ್ರಯ್ಯನವರು ಅಂಗಳದಲ್ಲಿದ್ದರು. ಅವರ ಹಿಂದೆ ಇಡೀ ಸಂದರ್ಶನವೇ ಇಳಿದು ಬಂದಿತ್ತು.

“ಏನಮ್ಮ ನಿನ್ನ ಹೆಸ್ರು?”

“ಬಿಂದುಶ್ರೀ ಅಂತ ಸಾರ್” ಎಂದಳು ನಿಂಗಮ್ಮ.

“ನಿಮ್ಮನ್ನ ಕೇಳ್ಲಿಲ್ಲ ತಾಯಿ. ಒಳಗೆ ಮೂರು ಜನ ಮೂರು ಕತೆ ಹೇಳಿ ನನ್ನ ತಲೆ ಕೆಡಿಸಿದೀರಿ.” ಅವರು ಬಿಂದುಶ್ರೀಯತ್ತ ತಿರುಗಿದರು. “ನೋಡಮ್ಮ, ಅಂಕಪಟ್ಟಿ ಕಳ್ಳನೇ ತಗೊಂಡಿರ್ಲಿ, ಆನೆನೇ ತಿಂದಿರ್ಲಿ, ಅದೇನ್ ದೊಡ್ಡ ವಿಷ್ಯ ಅಲ್ಲ. ಕಂಪ್ಯೂಟರ್‌ನಲ್ಲಿ ನೋಡ್ಕೊಂಡ್ರಾಯ್ತು, ಡೂಪ್ಲಿಕೇಟ್ ನಿಧಾನಕ್ಕೆ ತಂದ್ಕೊಡು. ನಿನ್ನನ್ನ ನಾನು ತಗೊಂಡೆ.”

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು. “ದಾಟ್ಸಿದ್ ಫಲ” ಎಂದಳು ನಿಂಗಮ್ಮ, ಎಲ್ಲರಿಗೂ ಕೇಳುವಂತೆ. ಬಿಂದುಶ್ರೀಯ ಕಣ್ಣ ಮುಂದೆ ಸಾಲು ಸಾಲು ಕಪಾಟು, ಧೂಳಿನ ಸಣ್ಣ ವಾಸನೆ, ಗೋಡೆಯ ಮೇಲಿನ ಆ ಒಂದು ಪದ ಎಲ್ಲ ಬಂದು ನಿಂತವು.

“ಫಸ್ಟ್ ಇಯರ್ ಬಾಯ್ಸ್ ಸೆಕ್ಷನ್‌ಗೆ ಇನ್‌ಚಾರ್ಜ್” ಎಂದು ಮುಂದುವರಿಸಿದರು ವೀರಭದ್ರಯ್ಯನವರು. “ಪ್ರೇಯರ್, ಶಿಸ್ತು, ಸ್ಟಡಿ ಅವರ್, ಎಲ್ಲ ನಿಂದೇ. ಜೂನ್‌ನಿಂದ ಮೂರು ಜನ ಬಂದು ಹೋದ್ರು. ಒಬ್ರು ಮಿಲಿಟರಿ ರಿಟೈರ್ಡು, ನನಗೆ ಗಡಿನೇ ವಾಸಿ ಅಂದ್ಬಿಟ್ರು. ಕೊನೇವ್ರು ಮಧ್ಯಾಹ್ನ ಊಟಕ್ಕೆ ಅಂತ ಹೊರಗೆ ಹೋದೋರು, ಊಟದ ಕ್ಯಾರಿಯರ್ ಇಲ್ಲೇ ಬಿಟ್ಟು ಹೋದ್ರು. ಈ ಹುಡುಗ್ರಿಗೆ ಮನುಷ್ಯರ ಗಂಟಲು ಸಾಲಲ್ಲ ಅಂತ ನನಗೆ ಗೊತ್ತಿತ್ತು. ಆನೆನ ಒಂದೇ ಮಾತಿಗೆ ನಿಲ್ಸೋರನ್ನ ಇವತ್ತು ನೋಡ್ದೆ.”

ಬಿಂದುಶ್ರೀ ಅಜ್ಜಿಯ ಕಡೆ ನೋಡಿದಳು. ಈ ಸಲ ಅಜ್ಜಿ ಅವಳ ಕಣ್ಣು ಓದಲಿಲ್ಲ, ಅಧ್ಯಕ್ಷರಿಗೆ ಕೈಮುಗಿಯುವುದರಲ್ಲಿದ್ದರು. ಅವಳು ಕಟ್ಟಡದ ಮೂಲೆಯ, ‘ಗ್ರಂಥಾಲಯ’ ಎಂದು ಬರೆದ ಬಾಗಿಲನ್ನು ಬೆರಳಲ್ಲಿ ತೋರಿಸಿದಳು.

“ಓ ಅದಾ” ಎಂದರು ವೀರಭದ್ರಯ್ಯನವರು. “ಅದನ್ನ ಈ ಸಿದ್ದಾರ್ಥನಿಗೆ ಕೊಟ್ಟೆ. ಹತ್ತು ನಿಮಿಷ ಇವನ ಮಾತು ಕೇಳಿ ತಲೆ ಸಿಡೀತಿದೆ. ಎಲ್ಲಿ ಹಾಕಿದ್ರೆ ಬಾಯಿ ಮುಚ್ತಾನೆ ಅಂತ ಯೋಚನೆ ಮಾಡ್ದೆ. ಅದೊಂದೇ ಜಾಗ.”

“ಥ್ಯಾಂಕ್ಯೂ ಸಾರ್, ನಮ್ಮ ಮಾವ ಕೂಡ ಅದೇ ಹೇಳ್ತಿರ್ತಾರೆ ಸಾರ್” ಎಂದು ಸಿದ್ದಾರ್ಥ ಶುರುಮಾಡಿದ.

ಅಧ್ಯಕ್ಷರು ಅವನಿಗೆ ಕೈ ಅಡ್ಡ ಹಿಡಿದು, ಬಿಂದುಶ್ರೀಯನ್ನು ಕೇಳಿದರು. “ಇವತ್ತೇ ಸೇರ್ಕೊ. ಏನಾದ್ರೂ ಹೇಳೋದಿದೆಯೇನಮ್ಮ?”

ಇತ್ತು. ಬಿಂದುಶ್ರೀ ತಲೆಯೆತ್ತಿ ನೋಡಿದಳು. ಮೂರು ಮಹಡಿಯ ಕಂಬಿಗಳ ಮೇಲೆ ನಾನೂರು ಹುಡುಗರು, ಗದ್ದಕ್ಕೆ ಕೈಕೊಟ್ಟು, ಹೊಸ ಇನ್‌ಚಾರ್ಜನ್ನು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಆನೆಯನ್ನು ಗದರಿಸಿದವಳೆಂದು ಅವರ ಕಣ್ಣುಗಳಲ್ಲಿ ನಿಜವಾದ ಹೆದರಿಕೆಯಿತ್ತು. ಅಲ್ಲಿವರೆಗೆ ಯಾವ ಇನ್‌ಚಾರ್ಜಿಗೂ ಸಿಗದಿದ್ದ ಮರ್ಯಾದೆ ಅದು. ಅವಳು ಸುಮ್ಮನಿದ್ದುಬಿಟ್ಟಿದ್ದರೆ ಆ ವರ್ಷವೆಲ್ಲ ಸುಮ್ಮನಿದ್ದೇ ಕಳೆಯಬಹುದಿತ್ತು.

ಆದರೆ ಸುಮ್ಮನಿರುವ ಗಳಿಗೆಯನ್ನು ಅವಳು ಆ ದಿನ ಬೆಳಿಗ್ಗೆಯೇ ದಾಟಿ ಬಂದಿದ್ದಳು. ನಿಜ ಹೇಳಿಬಿಡಬೇಕು, ಅಧ್ಯಕ್ಷರ ಕಿವಿಗೆ ಮಾತ್ರ ಬೀಳುವಷ್ಟು ಮೆಲ್ಲಗೆ ಹೇಳಿದರಾಯಿತು ಎಂದು ಒಂದು ಹೆಜ್ಜೆ ಮುಂದೆ ಬಂದು ಬಾಯಿ ತೆರೆದಳು. ಗಂಟಲು ಮಾತ್ರ ಇನ್ನೂ ಆನೆಯ ಅಳತೆಯಲ್ಲೇ ಇತ್ತು. ಮಾತು ಅಂಗಳ ದಾಟಿ, ಗೋಡೆಗೆ ಬಡಿದು, ಒಂದೊಂದೇ ಮಹಡಿ ಹತ್ತಿ, ನಾನೂರು ಹುಡುಗರಿಗೂ ಒಂದಕ್ಷರ ಬಿಡದಂತೆ ಕೇಳಿಸಿತು.

“ಸಾರ್, ನಂಗೆ ಆನೆ ಕಂಡ್ರೆ ಏನೂ ಭಯ ಇಲ್ಲ. ಈ ಹುಡುಗ್ರನ್ನ ಕಂಡ್ರೇನೇ ಭಯ.”